ಗಲ್ಲಿಯ ಶಿಲುಬೆ, ಬೇಯಿಸಿದ ಕಡಲೆ

ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ದಿನಾ ಹತ್ತಿ ಇಳಿಯುವವರಿಗೂ ಆ ಹೆಸರಿನ ಅರ್ಥ ಹೊಳೆಯುವುದು ಅಪರೂಪ. ಪೋರ್ಚುಗೀಸರ ಮಾತಿನಲ್ಲಿ ಅದು ‘ಪವಿತ್ರ ಶಿಲುಬೆ’. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆಂದು ಇಲ್ಲಿಳಿದು ಕಲೀನಾದತ್ತ ಓಡುತ್ತಿದ್ದ ನನಗೂ ಅದು ಬರೀ ಸ್ಟೇಷನ್ನಿನ ಹೆಸರಾಗಿತ್ತು, ಒಂದು ಮೇ ಸಂಜೆಯವರೆಗೆ.

ಅಂದು ಗಲ್ಲಿಯೊಂದರಲ್ಲಿ ಆಟೋ ನಿಂತೇಬಿಟ್ಟಿತು. ಎದುರಿಗೆ ಆಳೆತ್ತರದ ಶಿಲುಬೆ. ಬಳಿದ ಸುಣ್ಣ ಇನ್ನೂ ಹಸಿ. ಗೊಂಡೆ ಹೂವಿನ ಮಾಲೆ, ಬುಡದಲ್ಲಿ ಮೇಣದಬತ್ತಿಗಳ ಸಾಲು, ರಸ್ತೆ ತುಂಬ ಪ್ಲಾಸ್ಟಿಕ್ ಕುರ್ಚಿ. ಪಾದ್ರಿಗಳಿಲ್ಲ. ಹಿರಿಯ ಹೆಂಗಸೊಬ್ಬರು ಜಪಮಾಲೆ ಹಿಡಿದು ಪ್ರಾರ್ಥನೆಯ ಮೊದಲರ್ಧ ಹೇಳುತ್ತಾರೆ, ಉಳಿದರ್ಧ ಗಲ್ಲಿಯೇ ಹೇಳುತ್ತದೆ. ಒಂದು ಸುತ್ತು ಮರಾಠಿ, ಒಂದು ಸುತ್ತು ಇಂಗ್ಲಿಷ್, ನಡುವೆ ಮಂಗಳೂರು ಕಡೆಯ ಬಾಯಮ್ಮನ ಕೊಂಕಣಿ. ಅವರ ಕೈಲಿದ್ದ ಪುಸ್ತಕ ಮಾತ್ರ ಕನ್ನಡ ಲಿಪಿಯದು. ಮುಗಿದ ಮೇಲೆ ಕಾಗದದ ಪೊಟ್ಟಣದಲ್ಲಿ ತೆಂಗಿನಕಾಯಿ ಚೂರು ಹಾಕಿ ಬೇಯಿಸಿದ ಕಡಲೆ. ಆಟೋದವನಿಗೂ ಒಂದು ಪಾಲು.

ಚರ್ಚು ಹತ್ತಿರವೇ ಇರುವಾಗ ಬೀದಿಯಲ್ಲೇಕೆ ಈ ಪೂಜೆ? 1534ರಲ್ಲಿ ವಸಾಯಿ ಸೀಮೆ ಪೋರ್ಚುಗೀಸರ ಕೈಸೇರಿತು. ಕಲೀನಾದ ಚರ್ಚು 1606ರದು. 1737ರಲ್ಲಿ ಮರಾಠರು ಈ ಭಾಗವೆಲ್ಲ ಸೇರಿದ ಸಾಷ್ಟಿ ದ್ವೀಪ ಗೆದ್ದಾಗ ಪರದೇಶದ ಪಾದ್ರಿಗಳು ಜಾಗ ಬಿಟ್ಟರು, ಭಕ್ತರು ಉಳಿದರು. ಮನೆ-ಅಂಗಳದ ಪ್ರಾರ್ಥನೆ ಬೇರು ಬಿಟ್ಟದ್ದು ಆಗಲೇ ಇರಬೇಕು ಎಂಬುದು ನನ್ನ ಊಹೆ.

ಮುಂಬಯಿಯ ಗಾವಠಾಣಗಳ, ಎಂದರೆ ನಗರದೊಳಗೆ ಉಳಿದ ಹಳೆಯ ಹಳ್ಳಿಗಳ, ಎಷ್ಟೋ ಶಿಲುಬೆಗಳಿಗೆ ಮಾತ್ರ ಕಾರಣ ಬೇರೆ: ಪ್ಲೇಗು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಅದನ್ನು ಗುರುತು ಹಿಡಿದವರು ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೇಗಸ್. ಜನ ಊರು ಬಿಟ್ಟು ಓಡಿದರು. ಓಡದೆ ಉಳಿದ, ಇಲ್ಲಿನ ಮೂಲನಿವಾಸಿಗಳಾದ ಈಸ್ಟ್ ಇಂಡಿಯನ್ ಕ್ರೈಸ್ತರು ರೋಗ ಒಳಗೆ ಬಾರದಿರಲೆಂದು ಊರ ಬಾಯಲ್ಲಿ, ಕೂಡುರಸ್ತೆಯಲ್ಲಿ ಶಿಲುಬೆ ನಿಲ್ಲಿಸಿದರು. ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರಿ ಕಳೆಯಲು ಮನೆ ಮನೆಗೆ ಬರುವ ಆಟಿ ಕಳೆಂಜನನ್ನು ಕಂಡವರಲ್ಲವೇ ನಾವು!

ಮೇ ತಿಂಗಳ ಕತೆ ಇನ್ನೂ ಸ್ವಾರಸ್ಯದ್ದು. ರಾಣಿ ಹೆಲೆನಾಗೆ ಜೆರುಸಲೇಮಿನಲ್ಲಿ ಯೇಸುವಿನ ಶಿಲುಬೆ ಸಿಕ್ಕಿತೆಂಬ ನಂಬಿಕೆಯ ಹಬ್ಬ ಮೇ 3ಕ್ಕೆ ಬರುತ್ತಿತ್ತು. ಶಿಲುಬೆಗೆ ಸೆಪ್ಟೆಂಬರ್ 14ರ ಹಬ್ಬವೂ ಇರುವಾಗ ಎರಡೇಕೆಂದು, ಪೋಪ್ 23ನೇ ಜಾನ್ ಕಾಲದಲ್ಲಿ, 1960ರಲ್ಲಿ, ರೋಮ್ ಮೇ ಹಬ್ಬವನ್ನು ಪಂಚಾಂಗದಿಂದ ತೆಗೆಯಿತು. ಗಲ್ಲಿ ಅದನ್ನು ಕಿವಿಗೆ ಹಾಕಿಕೊಂಡಂತಿಲ್ಲ. ಮೇ ಎಂದರೆ ಶಾಲೆಗೆ ರಜೆ, ಮಳೆಗೆ ಮುಂಚಿನ ಬಿಡುವು. ದೂರ ಹೋದವರು ಮನೆಗೆ ಬರುವ ಕಾಲ. ಪ್ರಾರ್ಥನೆಯ ಭಾಷೆಯ ಕತೆಯೂ ಹಾಗೆಯೇ. ಎರಡನೇ ವ್ಯಾಟಿಕನ್ ಸಭೆ 1963ರಲ್ಲಿ ಜನಭಾಷೆಗೆ ಬಾಗಿಲು ತೆರೆದ ಮೇಲೆ ಲ್ಯಾಟಿನ್ ಹಿಂದೆ ಸರಿಯಿತು. ಆದರೆ ಶಿಲುಬೆಯ ಮುಂದೆ ಹಾಡುವ ಲದಾಯಿನ್ ಎಂಬ ಪ್ರಾರ್ಥನೆಯಲ್ಲಿ ಅದನ್ನು ಬಾಯಿಪಾಠವಾಗಿ ಉಳಿಸಿಕೊಂಡ ಅಜ್ಜಂದಿರಿದ್ದಾರೆ. ಅರ್ಥ ಗೊತ್ತೇ ಎಂದು ಕೇಳುವುದು ಅಧಿಕಪ್ರಸಂಗ. ನಮ್ಮಲ್ಲಿ ಸಂಧ್ಯಾವಂದನೆ ಮಾಡುವವರೆಲ್ಲ ಅರ್ಥ ಬಲ್ಲರೇ?

ಆ ಸಂಜೆ ಕಡಲೆ ಮೆಲ್ಲುತ್ತ ಬಾಯಮ್ಮನನ್ನು ಕೇಳಿಯೇಬಿಟ್ಟೆ, “ಪ್ಲೇಗು ಹೋಗಿ ಯಾವ ಕಾಲ ಆಯಿತು, ಇನ್ನೂ ಯಾಕೆ ಇದೆಲ್ಲ?”

ಅವರು ಖಾಲಿ ಪಾತ್ರೆಯ ತಳ ಕೆರೆಯುತ್ತ ಅಂದರು, “ನಾಳೆ ಕಡಲೆ ನಮ್ಮ ಮನೆಯದ್ದು ಮಾರಾಯ್ರೆ. ಹೋಗಿ ನೆನೆಹಾಕಬೇಕು.”