ಜಗಲಿಯ ಮೇಲಿನ ಬಿಲ್ಲೆ, ಸಂತೆಯ ಹತ್ತು ರೂಪಾಯಿ

ಲೋಕಾಪುರದ ನಮ್ಮ ದೊಡ್ಡವ್ವನ ದೇವರ ಜಗಲಿಯ ಮೇಲೆ ತಾಮ್ರದ ಬಣ್ಣದ ಒಂದು ಬಿಲ್ಲೆ ಇದೆ. ಒಂದು ಮಗ್ಗುಲಲ್ಲಿ ಸಂಜೀವಿನಿ ಬೆಟ್ಟ ಹೊತ್ತ ಹನುಮಪ್ಪ. ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್ ಅಕ್ಷರ: ‘ಈಸ್ಟ್ ಇಂಡಿಯಾ ಕಂಪನಿ’, ‘ಯುಕೆಎಲ್ ಒಂದು ಆಣೆ’, ಕೆಳಗೆ 1818. ದಿನಾ ಕುಂಕುಮ ಹಚ್ಚಿ ಹಚ್ಚಿ ಹನುಮಪ್ಪನ ಮುಖ ಕೆಂಪಾಗಿದೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋದಾಗ ಕೊಂಡು ತಂದದ್ದು. “ಕಂಪನಿ ಸರಕಾರದ್ದಪಾ ಇದು, ಮಾರಿದ್ರ ಲಕ್ಷ ಬರತೈತಂತ” ಎನ್ನುತ್ತಾಳೆ. ಮಾರುವ ಮನಸ್ಸು ಮಾತ್ರ ಇಲ್ಲ.

ಅದೇ ದೊಡ್ಡವ್ವ ಸಂತೆಯಲ್ಲಿ ಮೆಂತ್ಯದ ಸಿವುಡು ಕೊಂಡು ಹತ್ತು ರೂಪಾಯಿಯ ನಾಣ್ಯ ಚಾಚಿದರೆ, ಮಾರುವಾಕೆ ಕೈ ಹಿಂದಕ್ಕೆ ಎಳೆದುಕೊಂಡಳಂತೆ: “ಯವ್ವಾ, ಈ ಕ್ವಾಯಿನ್ ನಡ್ಯಾಂಗಿಲ್ಲ. ನೋಟ್ ಇದ್ರ ಕೊಡ್ರಿ.”

ಜಗಲಿಯ ಮೇಲಿರುವುದು ಯಾವ ಸರ್ಕಾರವೂ ಟಂಕಿಸದ ಬಿಲ್ಲೆ. ಸಂತೆಯಿಂದ ತಿರುಗಿ ಬಂದದ್ದು ಭಾರತ ಸರ್ಕಾರವೇ ಟಂಕಿಸಿದ ನಾಣ್ಯ. ಅಸಲಿಗೆ ಅನುಮಾನ, ಅಲ್ಲದ್ದಕ್ಕೆ ಪೂಜೆ! ಈ ಗೊಂದಲದ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ತಿಕ್ಕಿ ನೋಡೋಣ.

ತಪ್ಪು ಕಲ್ಪನೆ 1: ದೇವರ ಚಿತ್ರವಿರುವ ‘ಕಂಪನಿ ನಾಣ್ಯ’ಗಳು ಇನ್ನೂರು ವರ್ಷ ಹಳೆಯವು

ಸತ್ಯ: ಇವು ಕಂಪನಿಯ ನಾಣ್ಯಗಳೇ ಅಲ್ಲ. ಇಸವಿಯೇ ಗುಟ್ಟು ಬಿಟ್ಟುಕೊಡುತ್ತದೆ. ಇಂಥ ಬಿಲ್ಲೆಗಳ ಮೇಲೆ 1616, 1717, 1818 ಎಂದು ನಾಲಿಗೆಗೆ ಸಲೀಸಾದ ಅಂಕಿಗಳೇ ಇರುತ್ತವೆ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ನಾಣ್ಯ ತಂದದ್ದು 1835ರ ಕಾಯ್ದೆಯಿಂದ. ಆ ವರ್ಷದ ಅಸಲಿ ತಾಮ್ರದ ಅರ್ಧಾಣೆಯ ಮೇಲೆ ಕಂಪನಿಯ ಲಾಂಛನವಿದೆ, ಬಾವುಟ ಹಿಡಿದ ಎರಡು ಸಿಂಹಗಳಿವೆ. ಹನುಮಪ್ಪನಿಲ್ಲ, ರಾಮ-ಸೀತೆಯರಿಲ್ಲ. ‘ಯುಕೆಎಲ್’ ಎಂಬ ಅಕ್ಷರಗಳೂ ಇಲ್ಲ.

ನಂಬಿಕೆಗೆ ಬೇರು ಇಲ್ಲದಿಲ್ಲ. ವಿಜಯನಗರದ ಬುಕ್ಕರಾಯನ ಚಿನ್ನದ ನಾಣ್ಯಗಳ ಮೇಲೆ ಹನುಮನಿದ್ದದ್ದು ನಿಜ. ಕಂಪನಿಯವರೇ ಮದರಾಸಿನಲ್ಲಿ ವೆಂಕಟೇಶ್ವರನನ್ನೂ ಇಬ್ಬರು ದೇವಿಯರನ್ನೂ ಅಚ್ಚೊತ್ತಿದ ಪುಟ್ಟ ಚಿನ್ನದ ವರಾಹಗಳನ್ನು ಹೊರಡಿಸಿದ್ದೂ ನಿಜ. ಜಾತ್ರೆಯ ಬಿಲ್ಲೆಗೂ ಅವಕ್ಕೂ ನಂಟಿಲ್ಲ. ನಾಣ್ಯ ಸಂಗ್ರಾಹಕರು ಇಂಥವನ್ನು ‘ಫ್ಯಾಂಟಸಿ ನಾಣ್ಯ’ ಎನ್ನುತ್ತಾರೆ. ಖೋಟಾ ನಾಣ್ಯಕ್ಕೆ ಮೂಲವೊಂದು ಇರುತ್ತದೆ. ಇದಕ್ಕೆ ಮೂಲವೇ ಇಲ್ಲ. ಎಂದೂ ಇರದಿದ್ದ ನಾಣ್ಯದ ಕಲ್ಪನೆ ಇದು.

ಪತ್ತಾರರ ಅಂಗಡಿಯಲ್ಲಿ ಸಿಗುವ ಬೆಳ್ಳಿಯ ‘ರಾಣಿ ಛಾಪು’ ರೂಪಾಯಿಗೂ ಇದೇ ಪರೀಕ್ಷೆ ಮಾಡಬಹುದು. 1858ರಲ್ಲಿ ಆಡಳಿತ ಕಂಪನಿಯ ಕೈಬಿಟ್ಟಿತು. 1862ರಿಂದ ಬಂದ ರೂಪಾಯಿಗಳ ಮೇಲೆ ಕಂಪನಿಯ ಹೆಸರಿಲ್ಲ. 1877ರಿಂದ ವಿಕ್ಟೋರಿಯಾ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಆದಳು. ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಇಸವಿ, ಬಿರುದು, ತೂಕ ಮೂರೂ ತಾಳೆಯಾಗದಿದ್ದರೆ ಅದು ಹೊಸ ಅಚ್ಚಿನದು.

ತಪ್ಪು ಕಲ್ಪನೆ 2: ನಾಣ್ಯದಂತೆ ಕಾಣುವ ಬಿಲ್ಲೆ ಮಾಡಿದರೇ ಅಪರಾಧ

ಸತ್ಯ: ಅಷ್ಟಕ್ಕೇ ಅಪರಾಧವಾಗುವುದಿಲ್ಲ. ಕಾನೂನು ಮೊದಲು ಕೇಳುವುದು, ಇದನ್ನು ಯಾವ ಉದ್ದೇಶಕ್ಕೆ ಮಾಡಿದಿರಿ ಎಂದು. ಹಳೆಯ ಭಾರತೀಯ ದಂಡ ಸಂಹಿತೆಯ 230ನೇ ಕಲಮಿನಲ್ಲಿ ಚೆಂದದ ಉದಾಹರಣೆಗಳಿದ್ದವು: ಕವಡೆ ನಾಣ್ಯವಲ್ಲ, ಮುದ್ರೆಯಿಲ್ಲದ ತಾಮ್ರದ ಗಟ್ಟಿಯನ್ನು ಹಣದಂತೆ ಬಳಸಿದರೂ ಅದು ನಾಣ್ಯವಲ್ಲ, ಪದಕಗಳೂ ನಾಣ್ಯವಲ್ಲ, ಏಕೆಂದರೆ ಅವನ್ನು ಹಣವಾಗಿ ಬಳಸಲೆಂದು ಮಾಡಿಲ್ಲ. ಈಗಿನ 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯವೆಂದರೆ ಸರ್ಕಾರವೋ ಅದು ಅಧಿಕಾರ ಕೊಟ್ಟ ಸಂಸ್ಥೆಯೋ ಮುದ್ರೆಯೊತ್ತಿದ, ಕಾನೂನುಬದ್ಧವಾಗಿ ಚಲಾವಣೆಯಲ್ಲಿರುವ ವಸ್ತು. ಸ್ಮರಣಾರ್ಥ ನಾಣ್ಯವೂ ಅದರಲ್ಲಿ ಸೇರುತ್ತದೆ. ತಮಾಷೆಯೆಂದರೆ ಒಂದು ರೂಪಾಯಿಯ ನೋಟು ಕೂಡ ಈ ಕಾಯ್ದೆಯ ಕಣ್ಣಿಗೆ ‘ನಾಣ್ಯ’ವೇ.

ನಮ್ಮ ಹೆಣ್ಣುಮಕ್ಕಳ ಪುತಳಿ ಸರವನ್ನೇ ನೋಡಿ. ಅದರ ಬಿಲ್ಲೆಗಳ ಮೂಲ ಇಟಲಿಯ ವೆನಿಸ್ ನಗರದ ಚಿನ್ನದ ಡುಕಾಟ್. ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್ಸಿನ ದೊರೆ ನಮ್ಮವರ ಕಣ್ಣಿಗೆ ಬರೀ ಪುತ್ತಳಿಗಳಾಗಿ ಕಂಡ. ವ್ಯಾಪಾರದ ಹಡಗುಗಳಲ್ಲಿ ಬಂದ ಅಸಲಿ ಸಾಲದಾದಾಗ ಇಲ್ಲಿನ ಅಕ್ಕಸಾಲಿಗರೇ ಅಂಥದ್ದನ್ನು ಅಚ್ಚೊತ್ತಿದರು. ಪುತಳಿ ಸರ ಕೊರಳಲ್ಲಿ ಇರಬೇಕಾದದ್ದು, ಅಂಗಡಿಯ ಗಲ್ಲೆಗೆ ಬೀಳಬೇಕಾದದ್ದಲ್ಲ. ಹಾಗಾಗಿ ಅದು ಒಡವೆ. ಲಕ್ಷ್ಮಿ ಚಿತ್ರದ ದೀಪಾವಳಿಯ ಬೆಳ್ಳಿ ಬಿಲ್ಲೆಗೂ ಇದೇ ನ್ಯಾಯ.

ತಪ್ಪು ಕಲ್ಪನೆ 3: ಒಂದೆರಡು ಅಕ್ಷರ ಬದಲಿಸಿದರೆ ಖೋಟಾ ಆಗುವುದಿಲ್ಲ

ಸತ್ಯ: ಆಗುತ್ತದೆ. ನಕಲು ಮೂಲದಂತೆ ತದ್ವತ್ ಇರಬೇಕಿಲ್ಲ ಎಂದು ದಂಡ ಸಂಹಿತೆ ಹಿಂದೆಯೂ ಹೇಳಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಹೇಳುತ್ತದೆ. ಹೋಲಿಕೆಯಿಂದ ಮತ್ತೊಬ್ಬರನ್ನು ಮೋಸಗೊಳಿಸುವ ಉದ್ದೇಶವಿದ್ದರೆ, ಅಥವಾ ಮೋಸವಾಗಬಹುದು ಎಂದು ಗೊತ್ತಿದ್ದರೆ ಸಾಕು. ಯಾರಾದರೂ ಮೋಸಹೋಗುವಷ್ಟು ಹೋಲಿಕೆಯಿದ್ದರೆ ಅಂಥ ಉದ್ದೇಶ ಇತ್ತೆಂದೇ ಕಾನೂನು ಭಾವಿಸುತ್ತದೆ. ಇರಲಿಲ್ಲ ಎಂದು ತೋರಿಸುವ ಹೊಣೆ ಮಾಡಿದವನದು. ಸಂಹಿತೆಯ 178ನೇ ಕಲಮಿನಡಿ ಖೋಟಾ ನಾಣ್ಯ ಮಾಡಿದವನಿಗೆ ಜೀವಾವಧಿ ಶಿಕ್ಷೆಯವರೆಗೂ ಅವಕಾಶವಿದೆ. ಚಲಾಯಿಸುವುದು, ಗೊತ್ತಿದ್ದೂ ಚಲಾಯಿಸಲೆಂದು ಇಟ್ಟುಕೊಳ್ಳುವುದು, ಅಚ್ಚು ತಯಾರಿಸುವುದು ಬೇರೆ ಬೇರೆ ಅಪರಾಧಗಳು.

ಮಾಡುವವರು ಸಿಕ್ಕಿಬೀಳುವ ಇನ್ನೊಂದು ಜಾಗ ಸಿಂಹ ಮುದ್ರೆ. ಬಿಲ್ಲೆಗೆ ‘ಸರಕಾರಿ ಕಳೆ’ ಬರಲಿ ಎಂದು ಅಶೋಕ ಸ್ತಂಭದ ಸಿಂಹಗಳನ್ನು ಹಾಕಿದರೆ 2005ರ ರಾಷ್ಟ್ರ ಲಾಂಛನ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆ, ಐದು ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಆಗ ಅದು ಆಟಿಕೆಯೆಂದು ವಾದಿಸಿ ಪಾರಾಗುವುದು ಕಷ್ಟ.

ತಪ್ಪು ಕಲ್ಪನೆ 4: ಯಾವ ನಾಣ್ಯವನ್ನೂ ಹೋಲದ ಸ್ವಂತ ಬಿಲ್ಲೆಯಾದರೆ ಹಣದಂತೆ ಬಳಸಬಹುದು

ಸತ್ಯ: ಇದು ಎಲ್ಲಕ್ಕಿಂತ ಸೂಕ್ಷ್ಮವಾದ ತಪ್ಪು. ಹೋಲಿಕೆ ಇರಲಿ ಬಿಡಲಿ, ಮುದ್ರೆ ಇರಲಿ ಬಿಡಲಿ, ಹಣವಾಗಿ ಬಳಸುವ ಉದ್ದೇಶದಿಂದ ಲೋಹದ ತುಂಡನ್ನು ಸರ್ಕಾರದ ಅಪ್ಪಣೆಯಿಲ್ಲದೆ ಮಾಡುವುದನ್ನು, ಹೊರಡಿಸುವುದನ್ನು, ಇಟ್ಟುಕೊಳ್ಳುವುದನ್ನು 2011ರ ಕಾಯ್ದೆ ನಿಷೇಧಿಸುತ್ತದೆ. ಚಿಲ್ಲರೆ ಇಲ್ಲವೆಂದು ಅಂಗಡಿಯವನು ತನ್ನ ಹೆಸರಿನ ಹಿತ್ತಾಳೆ ಬಿಲ್ಲೆ ಮಾಡಿಸಿ ಊರೊಳಗೆ ಹಣದಂತೆ ಓಡಾಡಿಸಿದರೆ ಅವನೂ ಇದರೊಳಗೆ ಬರುತ್ತಾನೆ. ಈ ಮಾತು ಹೊಸದೂ ಅಲ್ಲ. ಬ್ರಿಟಿಷರು 1889ರಲ್ಲೇ ಲೋಹದ ಟೋಕನ್‌ಗಳ ಮೇಲೊಂದು ಕಾಯ್ದೆ ತಂದಿದ್ದರು. 2011ರ ಕಾಯ್ದೆ ಅದನ್ನು ರದ್ದುಪಡಿಸಿ ತನ್ನೊಳಗೇ ಸೇರಿಸಿಕೊಂಡಿತು.

ಅದಕ್ಕೂ ಹಿಂದಿನ ಕಥೆ ನಮ್ಮ ಸೀಮೆಯದೇ. ಮರಾಠರ ಕಾಲದಲ್ಲಿ ಇಲ್ಲಿ ಖಾಸಗಿ ಟಂಕಸಾಲೆಗಳು ನಾಯಿಕೊಡೆಯಂತೆ ಎದ್ದಿದ್ದವು. ಒಂದೊಂದು ಊರಿನ ರೂಪಾಯಿಗೆ ಒಂದೊಂದು ಕಸು, ಒಂದೊಂದು ಬೆಲೆ. ವಟ್ಟದ ಲೆಕ್ಕ ಹಾಕುವ ಸರಾಫನಿಗೆ ಸುಗ್ಗಿ, ರೈತನಿಗೆ ಸುಲಿಗೆ. 1765ರಲ್ಲಿ ಪೇಶ್ವೆ ಮಾಧವರಾಯನ ಸರ್ಕಾರ ಒಂದೇ ಅಪ್ಪಣೆಯಲ್ಲಿ ಇಂಥ 21 ಟಂಕಸಾಲೆಗಳನ್ನು ಮುಚ್ಚಿಸಿ ಧಾರವಾಡದಲ್ಲಿ ಕೇಂದ್ರ ಟಂಕಸಾಲೆ ತೆರೆಯಿತು ಎಂದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಮರಾಠಿ ದಫ್ತರಗಳನ್ನು ಓದಿ ಬರೆದಿದ್ದಾರೆ. ಬಾಗಲಕೋಟೆಯಲ್ಲಿ ರಾಸ್ತೆ ಮನೆತನದ ಆಡಳಿತದಲ್ಲಿ ಟಂಕಿಸಿದ ರೂಪಾಯಿಗೆ ಮಲ್ಹಾರಶಾಹಿ ಎಂಬ ಹೆಸರಿತ್ತು. ಬೆಳ್ಳಿ ಅಸಲಿಯೇ ಇದ್ದರೂ ಯಾರು ಬೇಕಾದರೂ ಟಂಕಿಸಿದರೆ ವ್ಯಾಪಾರ ಕೆಡುತ್ತದೆ ಎಂಬುದನ್ನು ಈ ನೆಲ ಎರಡೂವರೆ ಶತಮಾನದ ಹಿಂದೆಯೇ ಕಂಡಿತ್ತು.

ಅಮೆರಿಕದಲ್ಲಿ ಇದು ಮೊನ್ನೆ ಮೊನ್ನೆ ಕೋರ್ಟು ಹತ್ತಿತು. ಬರ್ನಾರ್ಡ್ ವಾನ್ ನಾಟ್‌ಹೌಸ್ ಎಂಬಾತ ‘ಲಿಬರ್ಟಿ ಡಾಲರ್’ ಹೆಸರಿನಲ್ಲಿ ಶುದ್ಧ ಬೆಳ್ಳಿಯ ನಾಣ್ಯ ಮಾಡಿಸಿ ಹಣದಂತೆ ಹಂಚಿದ. ಬೆಳ್ಳಿಯಲ್ಲಿ ಮೋಸವಿರಲಿಲ್ಲ. ಆದರೂ 2011ರಲ್ಲಿ ತಪ್ಪಿತಸ್ಥನೆಂದು ತೀರ್ಪಾಯಿತು. ಸಂಗ್ರಹಕ್ಕೆಂದು ಮಾಡುವ ಪ್ರತಿಕೃತಿಯ ಮೇಲೆ ‘ಕಾಪಿ’ ಎಂದು ಅಚ್ಚೊತ್ತಲೇಬೇಕು ಎಂಬ ಕಾನೂನು ಅಲ್ಲಿ 1973ರಿಂದ ಇದೆ. ಇಲ್ಲಿಯೂ ನಾಟಕಕ್ಕೋ ಶಾಲೆಯ ಪ್ರದರ್ಶನಕ್ಕೋ ಬಿಲ್ಲೆ ಮಾಡಿಸುವವರು ‘ಮಾದರಿ’ ಎಂದು ಎದ್ದು ಕಾಣುವಂತೆ ಕೊರೆಸಿದರೆ ತಲೆನೋವು ತಪ್ಪುತ್ತದೆ.

ತಪ್ಪು ಕಲ್ಪನೆ 5: ಮಾಡುವುದು ತಪ್ಪಲ್ಲವೆಂದ ಮೇಲೆ ಮಾರುವುದೂ ತಪ್ಪಲ್ಲ

ಸತ್ಯ: ಏನೆಂದು ಹೇಳಿ ಮಾರುತ್ತೀರಿ ಎಂಬುದರ ಮೇಲೆ ನಿಂತಿದೆ. ಹನುಮಪ್ಪನ ಬಿಲ್ಲೆಯನ್ನು ಪೂಜೆಯ ಬಿಲ್ಲೆ ಎಂದು ಮಾರಿದರೆ ಅದು ವ್ಯಾಪಾರ. ಅದನ್ನೇ ‘1818ರ ಕಂಪನಿ ನಾಣ್ಯ’ ಎಂದು ನಂಬಿಸಿ ಸಾವಿರಾರು ರೂಪಾಯಿ ಕಿತ್ತರೆ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆ. ಏಳು ವರ್ಷದವರೆಗೆ ಜೈಲು.

ಈ ದಂಧೆಯ ದೊಡ್ಡಣ್ಣನೇ ‘ರೈಸ್ ಪುಲ್ಲಿಂಗ್’. ಅಕ್ಕಿ ಕಾಳು ನಾಣ್ಯದ ಕಡೆಗೆ ಸರಿಯುತ್ತದೆ, ಒಳಗೆ ಇರಿಡಿಯಂ ಇದೆ, ವಿದೇಶದ ವಿಜ್ಞಾನಿಗಳು ಕೋಟಿ ಕೊಟ್ಟು ಕೊಳ್ಳುತ್ತಾರೆ ಎಂದು ಕಥೆ ಕಟ್ಟುತ್ತಾರೆ. ಅಕ್ಕಿಗೆ ಕಬ್ಬಿಣದ ಪುಡಿ ಸವರಿ ಅಯಸ್ಕಾಂತ ಇಟ್ಟರೆ ನಿಮ್ಮ ಮನೆಯ ತಟ್ಟೆಯಲ್ಲೂ ಕಾಳು ಸರಿಯುತ್ತದೆ. ಇರಿಡಿಯಂ ಅಕ್ಕಿಯನ್ನು ಎಳೆಯುವುದಿಲ್ಲ. ‘ಟೆಸ್ಟಿಂಗ್ ಖರ್ಚು’ ಎಂದು ಮುಂಗಡ ಕೇಳಿದ ಕೂಡಲೇ ಎದ್ದು ಬರುವುದೇ ಜಾಣತನ.

ತಪ್ಪು ಕಲ್ಪನೆ 6: ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಬೆಲೆ, ರಿಸರ್ವ್ ಬ್ಯಾಂಕೇ ಕೊಳ್ಳುತ್ತದೆ

ಸತ್ಯ: ಮಾತಾ ವೈಷ್ಣೋದೇವಿಯ ಚಿತ್ರವಿರುವ ಐದು ಮತ್ತು ಹತ್ತು ರೂಪಾಯಿ ನಾಣ್ಯಗಳು ಅಸಲಿ. ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ 2012ರಲ್ಲಿ ಸರ್ಕಾರವೇ ಹೊರಡಿಸಿದ್ದು. ಕಿಸೆಗೆ ಬಂದರೆ ಐದಕ್ಕೆ ಐದು, ಹತ್ತಕ್ಕೆ ಹತ್ತು. ಹಳೆಯ ನಾಣ್ಯ, ನೋಟುಗಳನ್ನು ಕೊಳ್ಳುವುದಾಗಿ ತನ್ನ ಹೆಸರು ಹೇಳಿ ಕಮಿಷನ್, ತೆರಿಗೆ ಕೇಳುವವರಿದ್ದಾರೆ, ತಾನು ಇಂಥ ವ್ಯವಹಾರ ಮಾಡುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಪ್ರಕಟಣೆ ಕೊಟ್ಟು ಎಚ್ಚರಿಸಿದೆ.

ತಪ್ಪು ಕಲ್ಪನೆ 7: ಹತ್ತು ರೂಪಾಯಿ ನಾಣ್ಯದಲ್ಲಿ ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ

ಸತ್ಯ: ಎರಡೂ ಅಸಲಿ. ರೂಪಾಯಿಯ ಚಿಹ್ನೆ ಆಯ್ಕೆಯಾದದ್ದು 2010ರಲ್ಲಿ, ನಾಣ್ಯದ ಮೇಲೆ ಬಂದದ್ದು 2011ರಲ್ಲಿ. ಚಿಹ್ನೆ ಇರುವುದೂ ಇಲ್ಲದ್ದೂ, ಹತ್ತು ಗೆರೆಯದೂ ಹದಿನೈದು ಗೆರೆಯದೂ ಒಟ್ಟಿಗೇ ಓಡಾಡಲು ಅದೇ ಕಾರಣ. ಮೇಲೆ ಸ್ಮರಣಾರ್ಥ ಚಿತ್ರಗಳು ಬೇರೆ. ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿ 17ರಂದು ಸಾರಿತು. ಸಂಶಯವಿದ್ದವರು ಫೋನಿನಲ್ಲೇ ಕೇಳಿ ತಿಳಿಯಲೆಂದು 14440 ಎಂಬ ಸಂಖ್ಯೆಯನ್ನೂ ಕೊಟ್ಟಿತು. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಈ ನಾಲ್ಕು ಟಂಕಸಾಲೆಗಳ ಗುರುತು ಬೇರೆ ಬೇರೆ: ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಕ್ಕೆ ಗುರುತೇ ಇಲ್ಲ. ಇಸವಿಯ ಕೆಳಗಿನ ಈ ಸಣ್ಣ ವ್ಯತ್ಯಾಸವನ್ನೇ ಕೆಲವರು ‘ನಕಲಿಯ ಕುರುಹು’ ಎಂದುಕೊಳ್ಳುತ್ತಾರೆ.

ಐವತ್ತು ಪೈಸೆಗೂ ಇದೇ ಅನ್ಯಾಯವಾಗಿದೆ. 2011ರ ಜೂನ್ ಕೊನೆಗೆ ರದ್ದಾದದ್ದು ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣವು. ಎಂಟಾಣೆ ಇಂದಿಗೂ ಕಾನೂನುಬದ್ಧ. ನಾಣ್ಯಕ್ಕೆ ಮಿತಿ ಇರುವುದು ಮೊತ್ತದಲ್ಲಿ ಮಾತ್ರ: ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಒಮ್ಮೆಗೆ ಸಾವಿರ ರೂಪಾಯಿಯವರೆಗೆ, ಎಂಟಾಣೆಗಳಲ್ಲಿ ಹತ್ತು ರೂಪಾಯಿಯವರೆಗೆ. ಅದಕ್ಕೂ ಹೆಚ್ಚಿಗೆ ನಾಣ್ಯದ ಚೀಲ ತಂದು ಸುರಿದರೆ ಒಲ್ಲೆ ಎನ್ನಬಹುದು.

ಒಟ್ಟು ಇಷ್ಟೇ ನೆನಪಿಡಿ. ಬಿಲ್ಲೆ ಪೂಜೆಗೋ, ಒಡವೆಗೋ, ನೆನಪಿಗೋ ಆದರೆ ಇಟ್ಟುಕೊಳ್ಳಿ. ಅದನ್ನು ಹಣವೆಂದು ಚಲಾಯಿಸಬೇಡಿ, ಹಳೆಯದೆಂದು ಮಾರಬೇಡಿ. ಕೊಳ್ಳುವಾಗ ಇಸವಿ ನೋಡಿ, ತೂಕ ಹಾಕಿಸಿ, ರಸೀದಿ ಕೇಳಿ. ದೊಡ್ಡವ್ವನಿಗೆ ಇದನ್ನೆಲ್ಲ ಹೇಳಿದೆ. ಹನುಮಪ್ಪನ ಬಿಲ್ಲೆ ಜಗಲಿಯ ಮೇಲೆಯೇ ಇದೆ, ಅಲ್ಲೇ ಇರಲಿ. ಹತ್ತು ರೂಪಾಯಿಯ ನಾಣ್ಯವನ್ನು ಮಾತ್ರ ಮುಂದಿನ ಸಂತೆಯಲ್ಲಿ ತಗೊಳ್ರಿ, ಮರಳಿಸಬ್ಯಾಡ್ರಿ.