ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದಾಗ

ಟ್ಯಾಂಕಿನ ತುಂಬ ಪೆಟ್ರೋಲ್ ಹಾಕಿಸಿದ್ದೀರಿ. ಆದರೂ ಡ್ಯಾಶ್‌ಬೋರ್ಡಿನಲ್ಲಿರುವ ಮೀಟರಿನ ಮುಳ್ಳು ಅರ್ಧಕ್ಕೇ ನಿಂತಿದೆ. ಇನ್ನೊಂದು ಕಾರಿನಲ್ಲಿ ಮುಳ್ಳು ಕಾಲು ಭಾಗ ತೋರಿಸುತ್ತಿರುವಾಗಲೇ ಎಂಜಿನ್ ನಿಂತುಹೋಗುತ್ತದೆ, ಅದೂ ರಾತ್ರಿ ಹೊತ್ತು, ಘಾಟಿಯ ತಿರುವಿನಲ್ಲಿ. ಹಳೆಯ ಕಾರುಗಳ ಒಡನಾಟವಿದ್ದವರಿಗೆ ಇವೆರಡೂ ಹೊಸತಲ್ಲ. ಆಗ ಹಲವರು ಮೊದಲು ಮಾಡುವ ಕೆಲಸ ಮೀಟರನ್ನೇ ಬದಲಾಯಿಸುವುದು. ಬಹಳ ಸಲ ಅದು ದಂಡದ ಖರ್ಚು. ಮುಳ್ಳು ಒಂದು ಸರಪಣಿಯ ಕೊನೆಯ ಕೊಂಡಿ ಮಾತ್ರ; ಅದು ತನಗೆ ತಲಪಿದ ಸುದ್ದಿಯನ್ನು ಹೇಳುತ್ತದೆ. ಸುದ್ದಿ ಎಲ್ಲಿ ಕೆಟ್ಟಿತು ಎಂಬುದನ್ನು ಹುಡುಕಬೇಕು. ಅದಕ್ಕೆ ನೀವು ತರಗತಿಯಲ್ಲಿ ಕಲಿತ ಓಮನ ನಿಯಮವೇ ಸಾಕು.

ಟ್ಯಾಂಕಿನೊಳಗೆ ಒಂದು ಕಡ್ಡಿ, ಅದರ ತುದಿಯಲ್ಲಿ ತೇಲುಗುಂಡು. ಪೆಟ್ರೋಲ್ ಏರಿದಂತೆ ಗುಂಡೂ ಏರುತ್ತದೆ. ಕಡ್ಡಿಯ ಇನ್ನೊಂದು ತುದಿ ಸುರುಳಿ ಸುತ್ತಿದ ರೋಧದ ತಂತಿಯ ಮೇಲೆ ಜಾರುತ್ತದೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಮೀಟರನ್ನು ಹಾದು, ಈ ರೋಧವನ್ನು ದಾಟಿ, ಕಾರಿನ ಲೋಹದ ಮೈಗೆ ಸೇರಿ ಬ್ಯಾಟರಿಗೆ ಮರಳುತ್ತದೆ. ಈ ಮರಳುವ ದಾರಿಗೇ ಮೆಕ್ಯಾನಿಕ್‌ಗಳು ‘ಅರ್ತ್’ ಎನ್ನುವುದು.

1960ರ ದಶಕದ ನಡುಭಾಗದಿಂದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬಂದ ಸ್ಮಿತ್ಸ್ ಕಂಪನಿಯ ಮೀಟರನ್ನು ಉದಾಹರಣೆಗೆ ನೋಡೋಣ. ಇದರೊಳಗೆ ದ್ವಿಲೋಹ ಪಟ್ಟಿಯಿದೆ. ಪಟ್ಟಿಗೆ ಸುತ್ತಿದ ತಂತಿಯಲ್ಲಿ ಪ್ರವಾಹ ಹರಿದಾಗ ಅದು ಕಾದು ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಕೀಲಿ ತಿರುಗಿಸಿದ ಮೇಲೆ ಮುಳ್ಳು ನಿಧಾನವಾಗಿ ಮೇಲೇರುವುದು ಇದರಿಂದಲೇ. ಟ್ಯಾಂಕು ಬರಿದಾದಾಗ ರೋಧ ಸುಮಾರು 240 ಓಂ, ಅರ್ಧವಿದ್ದಾಗ ಸುಮಾರು 70, ಪೂರ್ತಿ ತುಂಬಿದಾಗ ಸುಮಾರು 20. ಈಗ ಟ್ಯಾಂಕಿನ ಅರ್ತ್ ತಂತಿಯ ಬುಡದಲ್ಲಿ ತುಕ್ಕು ಹಿಡಿದು 50 ಓಂ ಹೆಚ್ಚುವರಿ ರೋಧ ಸೇರಿತೆನ್ನಿ. ತುಂಬಿದ ಟ್ಯಾಂಕಿನ 20ಕ್ಕೆ 50 ಕೂಡಿದರೆ 70. ಮೀಟರು ‘ಅರ್ಧ’ ಎನ್ನುತ್ತದೆ! ಪಾಪ, ಅದರ ತಪ್ಪೇನೂ ಇಲ್ಲ. ಬರಿದಾದ ಟ್ಯಾಂಕಿನ 240ಕ್ಕೆ ಅದೇ 50 ಸೇರಿದರೂ ಮುಳ್ಳು ಹೇಗೂ ಕೆಳಗೇ ಇರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳದು. ಮರಳುಕಾಗದದಿಂದ ಉಜ್ಜಿ, ಸ್ಕ್ರೂ ಬಿಗಿ ಮಾಡಿದರೆ ರಿಪೇರಿ ಮುಗಿಯಿತು.

ಇದಕ್ಕಿಂತ ಅಪಾಯಕಾರಿಯಾದದ್ದು ಮುಳ್ಳು ಹೆಚ್ಚು ತೋರಿಸುವ ದೋಷ. ಈ ಬಗೆಯ ಮೀಟರಿಗೆ ಬ್ಯಾಟರಿಯ ವಿದ್ಯುತ್ತು ನೇರವಾಗಿ ಬರುವುದಿಲ್ಲ. ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಸಣ್ಣ ಡಬ್ಬಿಯೊಂದು ಪ್ರವಾಹವನ್ನು ಕಡಿದು ಕಡಿದು ಬಿಡುತ್ತಾ ಸರಾಸರಿ 10 ವೋಲ್ಟ್ ಕೊಡುತ್ತದೆ. ಈ ಡಬ್ಬಿಯ ಅರ್ತ್ ತಪ್ಪಿದರೆ ಅದು ಕಡಿಯುವುದನ್ನೇ ನಿಲ್ಲಿಸುತ್ತದೆ. ಎಂಜಿನ್ ಓಡುವಾಗ 14 ವೋಲ್ಟಿನಷ್ಟು ನೇರವಾಗಿ ಮೀಟರಿಗೆ ಬರುತ್ತದೆ. ಶಾಖವು ವೋಲ್ಟೇಜಿನ ವರ್ಗದಂತೆ ಏರುತ್ತದೆಯಲ್ಲವೆ? ಲೆಕ್ಕ ಹಾಕಿ: ಸುಮಾರು ಎರಡು ಪಟ್ಟು. ಅನೇಕ ಕಾರುಗಳಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮೀಟರೂ ಇದೇ ಡಬ್ಬಿಯನ್ನು ನಂಬಿದೆ. ಆದ್ದರಿಂದ ಎರಡು ಮುಳ್ಳುಗಳೂ ಒಟ್ಟಿಗೇ ಅತಿಯಾಗಿ ಏರಿದರೆ ಮೊದಲು ಈ ಡಬ್ಬಿಯನ್ನು ಸಂಶಯಿಸಿ.

ಒಂದೇ ಮುಳ್ಳು ಕೆಟ್ಟಿದ್ದರೆ ಸರಪಣಿಯನ್ನು ಎರಡು ತುಂಡು ಮಾಡಿ ಪರೀಕ್ಷಿಸಬೇಕು. ಕೀಲಿ ಆರಿಸಿ, ಟ್ಯಾಂಕಿನ ಮೇಲಿನ ಮೀಟರ್ ತಂತಿಯನ್ನು ಕಳಚಿ. ಆ ತಂತಿಗೂ ಕಾರಿನ ಮೈಗೂ ನಡುವೆ 68 ಓಮಿನ ರೋಧಕವೊಂದನ್ನು ಭದ್ರವಾಗಿ ಸಿಕ್ಕಿಸಿ. ರೇಡಿಯೊ ಬಿಡಿಭಾಗಗಳ ಅಂಗಡಿಯಲ್ಲಿ ಇದು ಸುಲಭವಾಗಿ ಸಿಗುತ್ತದೆ; ಒಂದೆರಡು ವಾಟಿನದು ಇರಲಿ. ಆಮೇಲೆ ಕೀಲಿ ತಿರುಗಿಸಿ. ಮುಳ್ಳು ಅರ್ಧದ ಹತ್ತಿರ ಬಂದರೆ ಮೀಟರೂ ತಂತಿಯೂ ಸರಿಯಾಗಿವೆ. ದೋಷ ಟ್ಯಾಂಕಿನ ಕಡೆಗಿದೆ. ಬಾರದಿದ್ದರೆ ದೋಷ ಮುಂದಿನ ಕಡೆಗೆ. ಕೀಲಿ ಆರಿಸಿಯೇ ರೋಧಕವನ್ನು ತೆಗೆಯಿರಿ. ಕ್ರಮ ತಪ್ಪಿಸಬೇಡಿ: ಜೀವಂತ ತಂತಿ ಮೈಗೆ ತಗುಲಿದರೆ ಕಿಡಿ ಹಾರುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಆವಿ ಇರುತ್ತದೆ.

ಇನ್ನೂ ಹಳೆಯ ಸ್ಮಿತ್ಸ್ ಮೀಟರುಗಳಲ್ಲಿ ದ್ವಿಲೋಹ ಪಟ್ಟಿಯಿಲ್ಲ, ಎರಡು ಕಾಂತ ಸುರುಳಿಗಳಿವೆ. ಮುಳ್ಳು ಥಟ್ಟನೆ ಹಾರುತ್ತದೆ, ಕಾರು ಕುಲುಕಿದರೆ ತಾನೂ ಕುಲುಕುತ್ತದೆ. ಅಲ್ಲಿ ಲೆಕ್ಕ ತಿರುಗುಮುರುಗು: ರೋಧ ಕಡಿಮೆಯಾದಷ್ಟೂ ಮುಳ್ಳು ಬರಿದಿನ ಕಡೆಗೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ನಿಮ್ಮ ಮನೆಯಲ್ಲಿದ್ದರೆ, ಅದರಲ್ಲಿರುವ ಮೀಟರ್ ಯಾವ ಬಗೆಯದೆಂದು ಮೊದಲು ನೋಡಿ. ರೋಧಕದ ಬೆಲೆಯನ್ನು ಆಮೇಲೆ ನಿರ್ಧರಿಸಿ.

ಟ್ಯಾಂಕಿನ ಯೂನಿಟನ್ನು ಬಿಚ್ಚಲೇಬೇಕಾದರೆ ಬ್ಯಾಟರಿಯ ತಂತಿ ಕಳಚಿ, ಬಯಲಿನಲ್ಲಿ, ಬಲ್ಲ ಹಿರಿಯರೊಬ್ಬರ ಜೊತೆಯಲ್ಲಿ ಮಾಡಿ. ಹತ್ತಿರ ಬೆಂಕಿ, ಬೀಡಿ, ಬರಿಯ ಬಲ್ಬು ಯಾವುದೂ ಬೇಡ. ಹಿತ್ತಾಳೆಯ ತೇಲುಗುಂಡನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಗುಳುಗುಳು ಸದ್ದಾದರೆ ಅದು ತೂತಾಗಿ ಪೆಟ್ರೋಲ್ ಕುಡಿದು ಮುಳುಗಿದೆ; ಮುಳ್ಳು ಸದಾ ಬರಿದೆನ್ನುವುದು ಅದಕ್ಕೇ. ಬೆಸುಗೆ ಹಾಕಿ ಉಳಿಸುವ ಮೋಹ ಬೇಡ. ಒಳಗಿರುವ ಆವಿ ಸಿಡಿದೀತು. ಹೊಸ ಗುಂಡು ತನ್ನಿ, ವಾಷರನ್ನೂ ಹೊಸದೇ ಹಾಕಿ. ಮುಂದಿನ ಸಲ ಟ್ಯಾಂಕು ಬಹುತೇಕ ಖಾಲಿಯಾದಾಗ ಐದೈದು ಲೀಟರಿನಂತೆ ಪೆಟ್ರೋಲ್ ತುಂಬಿಸುತ್ತಾ, ಪ್ರತಿ ಸಲವೂ ಕೀಲಿ ತಿರುಗಿಸಿ, ಮುಳ್ಳು ಎಲ್ಲಿ ನಿಲ್ಲುವುದೆಂದು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ.