ಕಾರಿನ ಮೇಲೆ ಹಳದಿ ಚುಕ್ಕೆ

ಶಿವರಾತ್ರಿ ಕಳೆಯುವ ಹೊತ್ತಿಗೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಗೊಣಗಾಟ ಶುರುವಾಗುತ್ತದೆ. ಬೆಳಿಗ್ಗೆ ತೊಳೆದು ನಿಲ್ಲಿಸಿದ ಕಾರಿನ ಮೇಲೆ, ತಂತಿಗೆ ಹರವಿದ ಬಿಳಿ ಪಂಚೆಯ ಮೇಲೆ ಸಂಜೆಯೊಳಗೆ ಹಳದಿ ಚುಕ್ಕೆಗಳು. ಒಣಗಿದ ಮೇಲೆ ಉಗುರಿನಿಂದ ಕೆರೆದರೂ ಸುಲಭಕ್ಕೆ ಬಿಡುವುದಿಲ್ಲ. ಮರದ ಅಂಟು ಎನ್ನುವವರಿದ್ದಾರೆ, ಹಕ್ಕಿಯ ಹಿಕ್ಕೆ ಎನ್ನುವವರಿದ್ದಾರೆ, ಪಕ್ಕದ ಕಟ್ಟಡಕ್ಕೆ ಬಳಿಯುತ್ತಿರುವ ಬಣ್ಣ ಸಿಡಿದಿದೆ ಎಂದು ಜಗಳಕ್ಕೆ ಹೋಗುವವರೂ ಇದ್ದಾರೆ. ಕತ್ತೆತ್ತಿ ನೋಡಿದರೆ ಗೊತ್ತಾಗುತ್ತದೆ: ನೀರಿನ ಟ್ಯಾಂಕಿನ ಅಡಿಯಲ್ಲೋ, ಮೇಲಿನ ಮಹಡಿಯ ಸಜ್ಜದ ಕೆಳಗೋ, ಬೀದಿ ಬದಿಯ ಬೂರುಗದ ಕೊಂಬೆಗೋ ಹೆಜ್ಜೇನು ಕಟ್ಟಿದೆ. ಕಾರಿನ ಮೇಲಿರುವುದು ಅದರದೇ ಮಲ.

ವಸಂತ ಬಂತೆಂದು ಸಾರುವ ಕೆಲಸವನ್ನು ನಮ್ಮ ಕವಿಗಳು ಕೋಗಿಲೆಗೂ ಮಾವಿನ ಚಿಗುರಿಗೂ ಯಾವತ್ತೋ ಒಪ್ಪಿಸಿಬಿಟ್ಟಿದ್ದಾರೆ. ನನಗೇನೋ ಈ ಚುಕ್ಕೆಯೇ ಹೆಚ್ಚು ಖಾತರಿಯ ಗುರುತು ಅನ್ನಿಸುತ್ತದೆ. ಅದರ ತುಂಬ ಇರುವುದು ಪರಾಗ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸುತ್ತಮುತ್ತ ಯಾವ ಯಾವ ಮರ ಹೂ ಬಿಟ್ಟಿದೆ ಎಂದು ತಿಳಿದವರು ಓದಿ ಹೇಳಬಲ್ಲರು.

ಹೀಗೆ ಓದಲು ತಿಳಿದವರಿದ್ದದ್ದರಿಂದಲೇ ಒಂದು ದೊಡ್ಡ ರಾಜಕೀಯ ಆರೋಪದ ಬುಡ ಅಲುಗಾಡಿತು. 1981ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್, ಆಗ್ನೇಯ ಏಷ್ಯಾದಲ್ಲಿ ಸೋವಿಯತ್ ಬೆಂಬಲಿತ ಪಡೆಗಳು ಶಿಲೀಂಧ್ರದ ವಿಷವನ್ನು ಆಕಾಶದಿಂದ ಸುರಿಸುತ್ತಿವೆ ಎಂದು ದೂರಿದರು. ಲಾವೋಸಿನಿಂದ ಓಡಿಬಂದ ಮೋಂಗ್ ನಿರಾಶ್ರಿತರು ‘ಹಳದಿ ಮಳೆ’ಯ ಬಗ್ಗೆ ಹೇಳಿದ್ದರು, ಎಲೆಗಳ ಮೇಲೆ ಒಣಗಿದ ಹಳದಿ ಚುಕ್ಕೆಗಳು ಸಾಕ್ಷ್ಯವಾಗಿ ಪ್ರಯೋಗಾಲಯಕ್ಕೆ ಬಂದವು. ಪರೀಕ್ಷಿಸಿದರೆ ತುಂಬ ಪರಾಗ. ಹಾರ್ವರ್ಡಿನ ಜೀವವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಜೇನಿನ ತಜ್ಞ ಥಾಮಸ್ ಸೀಲಿ ಅದನ್ನು ಬೇರೆ ಕಣ್ಣಿನಿಂದ ನೋಡಿದರು. ಪರಾಗದ ಕಣಗಳ ಹೊರಕವಚ ಮಾತ್ರ ಉಳಿದಿತ್ತು, ಒಳಗಿನ ಪ್ರೋಟೀನ್ ಖಾಲಿ. ಅಂದರೆ ಯಾವುದೋ ಹುಳದ ಹೊಟ್ಟೆಯಲ್ಲಿ ಜೀರ್ಣವಾಗಿ ಹೊರಬಿದ್ದ ಪರಾಗ ಅದು. 1984ರಲ್ಲಿ ಅವರು ಥಾಯ್ಲೆಂಡಿಗೆ ಹೋಗಿ ಹೆಜ್ಜೇನಿನ ಗೂಡುಗಳನ್ನು ಹುಡುಕಿಕೊಂಡು ಅಲೆದಾಗ ಒಮ್ಮೆ ಆ ಮಳೆ ಅವರ ಮೇಲೇ ಸುರಿಯಿತು. ಅಮೆರಿಕ ಸರ್ಕಾರ ಆರೋಪವನ್ನು ಅಧಿಕೃತವಾಗಿ ಹಿಂತೆಗೆದುಕೊಳ್ಳಲಿಲ್ಲ, ಅದು ಬೇರೆ ಮಾತು.

ಒಂದೊಂದು ನೊಣ ತನಗೆ ಬೇಕಾದಾಗ ಹೋಗಿಬಂದರೆ ಆಗುತ್ತಿತ್ತಲ್ಲ, ಸಾವಿರಾರು ನೊಣಗಳು ಒಟ್ಟಿಗೆ ಎದ್ದು ಸುರಿಸುವುದೇಕೆ? ಉತ್ತರ ಹೆಜ್ಜೇನಿನ ಮನೆಯಲ್ಲಿದೆ, ಮನೆಯಿಲ್ಲದಿರುವುದರಲ್ಲಿ ಎನ್ನಬೇಕು. ತುಡುವೆ ಜೇನು ಮರದ ಪೊಟರೆಯಲ್ಲೋ ಹುತ್ತದಲ್ಲೋ ಸಾಲಾಗಿ ಹಲವು ಎರಿ ಕಟ್ಟುತ್ತದೆ, ಅದಕ್ಕೆ ಸುತ್ತ ಗೋಡೆಯಿದೆ. ಹಾಗಾಗಿ ಪೆಟ್ಟಿಗೆಗೂ ಒಗ್ಗುತ್ತದೆ. ಹೆಜ್ಜೇನಿನದು ಬಟ್ಟಬಯಲು. ಒಂದೇ ಒಂದು ಎರಿ, ಅಗಲ ಒಂದು ಮೀಟರಿಗೂ ಮಿಕ್ಕಬಹುದು, ಕೊಂಬೆಯಿಂದ ನೇರ ಕೆಳಗೆ ಇಳಿಬಿದ್ದಿರುತ್ತದೆ. ಕೊಂಬೆಗೆ ಅಂಟಿದ ಮೇಲ್ಭಾಗದ ದಪ್ಪ ಮೂಲೆಯಲ್ಲಿ ತುಪ್ಪ, ಕೆಳಗೆ ಮೊಟ್ಟೆ ಮರಿ. ಗೋಡೆಯ ಕೆಲಸಕ್ಕೂ ನೊಣಗಳೇ: ತಲೆ ಮೇಲಾಗಿ, ಹೊಟ್ಟೆಯ ತುದಿ ಕೆಳಗಾಗಿ, ಒಂದರ ಕಾಲು ಇನ್ನೊಂದು ಹಿಡಿದು ಪದರ ಪದರವಾಗಿ ಎರಿಯನ್ನು ಮುಚ್ಚಿಕೊಂಡಿರುತ್ತವೆ. ನಾವು ದೂರದಿಂದ ಕಪ್ಪು ಗೂಡು ಎಂದು ಕಾಣುವುದು ಈ ನೊಣಗಳ ಪರದೆಯನ್ನು. ಮೇಣದ ಎರಿ ಕಾಣಬೇಕಾದರೆ ಜೇನು ಬಿಟ್ಟು ಹೋಗಿರಬೇಕು.

ಒಳಗಿನ ಮರಿಗಳಿಗೆ ಬೇಕಾದ ಬಿಸಿ ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್. ಚಳಿಯ ಬೆಳಗಿನಲ್ಲಿ ಪರದೆ ಒತ್ತೊತ್ತಾಗಿ ಬಿಗಿಯುತ್ತದೆ, ಬಿಸಿಲೇರಿದಾಗ ಸಡಿಲವಾಗುತ್ತದೆ. ನೀರು ತಂದು ಎರಿಯನ್ನು ತಂಪು ಮಾಡುವುದೂ ಇದೆ. ಬೇಸಿಗೆಯಲ್ಲಿ ಒಸರುವ ನಲ್ಲಿಯ ಸುತ್ತ ಹೆಜ್ಜೇನು ಮುತ್ತುವುದು ಇದಕ್ಕೇ, ಸಿಹಿ ಹುಡುಕಿಕೊಂಡಲ್ಲ. ಸಾಮೂಹಿಕ ಮಲವಿಸರ್ಜನೆಯೂ ಇದೇ ವ್ಯವಸ್ಥೆಯ ಭಾಗ ಎಂದು ಮರ್ದಾನ್ ಮತ್ತು ಕೆವನ್ ಎಂಬ ವಿಜ್ಞಾನಿಗಳು 1989ರಲ್ಲಿ ತೋರಿಸಿದರು. ಬಿಸಿಯಾದ ಮೈಯ ನೊಣಗಳು ಒಮ್ಮೆಲೇ ಎದ್ದು ಕೆಲವು ನಿಮಿಷ ಹಾರಿ, ನೀರು ತುಂಬಿದ ಮಲವನ್ನೂ ಅದರ ಜೊತೆ ಮೈಯ ಕಾವನ್ನೂ ಕಳೆದುಕೊಂಡು ಬಂದು ಮತ್ತೆ ಮರಿಗಳ ಮೇಲೆ ಕೂರುತ್ತವೆ. ನಿಮ್ಮ ಕಾರು ಕೆಳಗಿದ್ದದ್ದು ಕಾಕತಾಳೀಯ.

ಗೋಡೆಯಿಲ್ಲದವರಿಗೆ ಕಾವಲೂ ಬೇರೆ ರೀತಿಯದು. ಹಗಲಲ್ಲಿ ಮಹಡಿಯ ಕಿಟಕಿಯ ಗಾಜಿನ ಹಿಂದೆ ನಿಂತು ನೋಡಿ. ಕಣಜವೊಂದು ಗೂಡಿನ ಹತ್ತಿರ ಸುಳಿದ ಕೂಡಲೇ ಪರದೆಯ ಒಂದು ಕಡೆಯ ನೊಣಗಳು ಹೊಟ್ಟೆಯ ತುದಿಯನ್ನು ಸರಕ್ಕನೆ ಮೇಲಕ್ಕೆತ್ತಿ ಇಳಿಸುತ್ತವೆ. ಪಕ್ಕದವು ಅದನ್ನು ಕಂಡು ತಾವೂ ಎತ್ತುತ್ತವೆ. ಹೂ ಬಿಟ್ಟ ಎಳ್ಳಿನ ಹೊಲದ ಮೇಲೆ ಗಾಳಿ ಹಾದಂತೆ ಇಡೀ ಗೂಡಿನ ಮೇಲೆ ಒಂದು ಅಲೆ ಹಾದುಹೋಗುತ್ತದೆ. ಎಲ್ಲ ಮುಗಿಯಲು ಒಂದು ಸೆಕೆಂಡೂ ಬೇಡ. ಕಣಜಕ್ಕೆ ಯಾವ ನೊಣದ ಮೇಲೆ ಎರಗಬೇಕೆಂದೇ ತೋಚದೆ ಅದು ದೂರ ಸರಿಯುತ್ತದೆ. ಜೀವವಿಜ್ಞಾನಿ ಗೆರಾಲ್ಡ್ ಕಾಸ್ಟ್‌ಬರ್ಗರ್ ತಂಡ ಈ ಅಲೆಯನ್ನು ಕ್ಯಾಮೆರಾದಲ್ಲಿ ಹಿಡಿದು 2008ರಲ್ಲಿ ವಿವರವಾಗಿ ವರದಿ ಮಾಡಿತು. ಒಂದೂ ನೊಣ ಗೂಡು ಬಿಟ್ಟು ಏಳದೆ, ಒಂದೂ ಮುಳ್ಳು ಖರ್ಚಾಗದೆ ಶತ್ರು ವಾಪಸು.

ಮನುಷ್ಯರ ವಿಷಯದಲ್ಲಿ ಅಷ್ಟು ರಿಯಾಯಿತಿ ಇಲ್ಲ. ಕಲ್ಲು, ಹೊಗೆ, ಗದ್ದಲಕ್ಕೆ ಜೇನು ಎದ್ದರೆ ಮೊದಲು ಚುಚ್ಚಿದ ನೊಣದ ಮುಳ್ಳಿನಿಂದ ಹೊಮ್ಮುವ ವಾಸನೆಯೇ ಉಳಿದವುಗಳಿಗೆ ಗುರಿ ತೋರಿಸುತ್ತದೆ. ಕೈಬೀಸದೆ ಓಡಿ ಮುಚ್ಚಿದ ಕೋಣೆ ಸೇರಬೇಕು; ಹೆಚ್ಚು ಕಡಿತವಾದರೆ ಆಸ್ಪತ್ರೆ. ಆದರೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಗೂಡಿನ ಫೋಟೊ ಬಿದ್ದ ಮರುಗಳಿಗೆಯೇ ‘ಔಷಧಿ ಹೊಡೆಸಿ’ ಎನ್ನುವುದು ನನಗೆ ಒಗ್ಗದ ಅವಸರ. ರಾತ್ರಿ ಬಂದು ಸಿಂಪಡಿಸಿ, ಬೆಳಿಗ್ಗೆ ಸತ್ತ ನೊಣಗಳನ್ನು ಮೊರದಲ್ಲಿ ಬಳಿದು ಹೋಗುತ್ತಾರೆ. ಎತ್ತರದಲ್ಲಿ, ಯಾರ ತಂಟೆಗೂ ಬಾರದ ಕಡೆ ಕಟ್ಟಿದ ಜೇನನ್ನು ಹಾಗೇ ಬಿಟ್ಟರೆ ಹೂವಿನ ಕಾಲ ಮುಗಿಯುತ್ತಲೇ ಅದು ತಾನಾಗಿ ಜಾಗ ಖಾಲಿ ಮಾಡುತ್ತದೆ.

ಹೆಜ್ಜೇನು ಅಲೆಮಾರಿ. ಬೆಟ್ಟದಿಂದ ಬಯಲಿಗೆ, ಬಯಲಿನಿಂದ ಬೆಟ್ಟಕ್ಕೆ, ನೂರಿನ್ನೂರು ಕಿಲೋಮೀಟರಿನವರೆಗೂ ವಲಸೆ ಹೋಗುತ್ತದೆ. ಹೊರಡುವ ಮುನ್ನ ಪರದೆಯ ಮೇಲೆ ಕುಣಿತ ನಡೆಯುತ್ತದೆ. ಮೇವು ಸಿಕ್ಕಿದ್ದನ್ನು ತಿಳಿಸುವ ಮಾಮೂಲಿ ಕುಣಿತದಲ್ಲಿ ನೊಣ ಹೊಟ್ಟೆ ಅಲ್ಲಾಡಿಸುತ್ತ ನೇರ ಓಡುವ ಹೊತ್ತು ದೂರವನ್ನೂ, ಓಡುವ ದಿಕ್ಕು ಸೂರ್ಯನಿಗೆ ಹೋಲಿಸಿದ ದಿಕ್ಕನ್ನೂ ಹೇಳುತ್ತದೆ. ವಲಸೆಯ ಕುಣಿತದಲ್ಲಿ ಈ ಓಟ ಬಹಳ ಉದ್ದ. ಯಾವುದೇ ಒಂದು ಮರವನ್ನು ತೋರಿಸುವಂಥದ್ದಲ್ಲ, ಈ ದಿಕ್ಕಿಗೆ ದೂರ ಹೋಗೋಣ ಎನ್ನುವಂಥದ್ದು. ಬೆಳದಿಂಗಳ ರಾತ್ರಿಯಲ್ಲೂ ಹೆಜ್ಜೇನು ಮೇವಿಗೆ ಹೋಗುತ್ತದೆ, ಕುಣಿಯುತ್ತದೆ. ಆಗಲೂ ಅದರ ಲೆಕ್ಕ ಮುಳುಗಿದ ಸೂರ್ಯನದೇ ಎಂದು ವಿಜ್ಞಾನಿ ಫ್ರೆಡ್ ಡಯರ್ 1985ರಲ್ಲಿ ತೋರಿಸಿಕೊಟ್ಟರು. ಚಂದ್ರ ಕಣ್ಣೆದುರಿದ್ದರೂ ಅವನನ್ನು ನಂಬುವುದಿಲ್ಲ.

ಇನ್ನೊಂದು ವಿಚಿತ್ರವಿದೆ. ಹೋದ ಜೇನು ಮುಂದಿನ ವರ್ಷ ಅದೇ ಮರಕ್ಕೆ ಬರುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದನ್ನು ಕೇಳಿದ್ದೇವೆ. ಹೊಸಕೋಟೆ ಕಡೆ ಒಂದೇ ಆಲದ ಮರಕ್ಕೆ ನೂರಾರು ಜೇನು ವರ್ಷ ವರ್ಷವೂ ಕಟ್ಟುವುದನ್ನು ಜನ ನೋಡಿದ್ದಾರೆ. 2000ದಲ್ಲಿ ವಿಜ್ಞಾನಿಗಳಾದ ಪಾರ್, ಓಲ್ಡ್‌ರಾಯ್ಡ್ ಮತ್ತು ಕಾಸ್ಟ್‌ಬರ್ಗರ್ ಅಸ್ಸಾಮಿನ ಗೂಡುಗಳ ಡಿಎನ್‌ಎ ಹೋಲಿಸಿ, ಮರಳಿ ಬಂದದ್ದು ನಿಜಕ್ಕೂ ಅದೇ ರಾಣಿಯ ಸಂಸಾರ ಎಂದು ದೃಢಪಡಿಸಿದರು. ಕೆಲಸಗಾರ ನೊಣದ ಆಯಸ್ಸು ಸಾಮಾನ್ಯವಾಗಿ ವಾರಗಳ ಲೆಕ್ಕದ್ದು. ಹೋದವು ಸತ್ತು, ಬಂದವು ಹೊಸವು. ಹಾಗಿದ್ದರೆ ಮರದ ವಿಳಾಸ ಯಾರ ಬಳಿ ಉಳಿಯಿತು ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಇನ್ನೂ ಕಾಡುತ್ತಿದೆ.

ಬಂದುಹೋಗುವ ಈ ಲೆಕ್ಕದಲ್ಲಿ ತಾರೀಕಿಗಿಂತ ಹೂವಿಗೆ ಬೆಲೆ. ಬೂರುಗ, ಮುತ್ತುಗ, ನೀಲಗಿರಿ, ಬೇವು, ಹೊಂಗೆ ಒಂದಾದ ಮೇಲೊಂದು ಹೂ ಬಿಡುತ್ತ ಹೋದಂತೆ ಬಯಲುಸೀಮೆಯಲ್ಲಿ ಜೇನಿಗೆ ಊಟದ ಸರಪಳಿ ಸಿಗುತ್ತದೆ. ಹವೆ ಕೈಕೊಟ್ಟಾಗ ಮೊದಲು ಕಡಿಯುವುದು ಈ ಸರಪಳಿ. 2024ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಅಂಥ ದಿನಗಳಲ್ಲಿ ಹೂವಿಗೆ ಹೋಗಬೇಕಾದ ನೊಣಗಳಲ್ಲಿ ಎಷ್ಟೋ ನೀರು ಹೊರುವುದಕ್ಕೇ ಮುಡಿಪು.

ಕಾಫಿ ಸೀಮೆಯಲ್ಲಿ ಈ ಹೊಂದಾಣಿಕೆ ಇನ್ನೂ ನವಿರು. ಅಲ್ಲಿ ವಸಂತವನ್ನು ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್‌ನಲ್ಲಿ ಮೋಡ ಕವಿದರೆ ತೋಟದಿಂದ ತೋಟಕ್ಕೆ ಫೋನು: ‘ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?’ ಚಳಿಗಾಲದ ಒಣಹವೆಯಲ್ಲಿ ಕಾಫಿ ಮೊಗ್ಗು ಬೆಳವಣಿಗೆ ನಿಲ್ಲಿಸಿ ಕಾದು ಕೂತಿರುತ್ತದೆ. ಒಂದು, ಒಂದೂವರೆ ಇಂಚು ಹೂಮಳೆ ಬಿದ್ದರೆ ಎಚ್ಚರಗೊಂಡು ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ ಅರಳುತ್ತದೆ. ಹೂವಿನ ಆಟ ಎರಡು ಮೂರು ದಿನ ಮಾತ್ರ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ಗಾಳಿ ತರಬೇಕು, ಇಲ್ಲವೇ ಜೇನು. ಆ ದಿನಗಳಲ್ಲಿ ಮತ್ತೆ ಮಳೆ ಬಂದರೆ ಪರಾಗ ತೊಯ್ದು ಹೋಗುತ್ತದೆ, ಜೇನು ಗೂಡು ಬಿಟ್ಟು ಏಳುವುದಿಲ್ಲ.

2021ರ ಜನವರಿಯಲ್ಲಿ ಆದಂತೆ ಮಳೆ ಎರಡು ತಿಂಗಳು ಮೊದಲೇ ಬಂದರಂತೂ ಫಜೀತಿ. ಗಿಡದಲ್ಲಿ ಒಂದು ಕಡೆ ಕೊಯ್ಯದ ಹಣ್ಣು, ಇನ್ನೊಂದು ಕಡೆ ಅರಳುವ ಹೂ. ಹಣ್ಣು ಕೊಯ್ಯುವ ಕೈಗೆ ಹೂ ಉದುರುತ್ತದೆ, ಕಣದಲ್ಲಿ ಹರವಿದ ಕಾಫಿ ಒಣಗುವುದಿಲ್ಲ. ಸೆಂಟು ಕಡಿಮೆಯಾದರೆ ಅರ್ಧ ಎಚ್ಚೆತ್ತ ಮೊಗ್ಗು ಅರಳದೆ ಕರಟುತ್ತದೆ.

ಹಾಗಾಗಿ ಕೊಡಗಿನಲ್ಲಿ ನೀರಿನ ಅನುಕೂಲ ಇರುವವರು ಆಕಾಶವನ್ನು ಕಾಯದೆ ಫೆಬ್ರುವರಿ, ಮಾರ್ಚ್‌ನಲ್ಲೇ ಸ್ಪ್ರಿಂಕ್ಲರ್ ತಿರುಗಿಸಿ ಹೂ ಬರಿಸಿಕೊಳ್ಳುತ್ತಾರೆ. ಸ್ಮಿತಾ ಕೃಷ್ಣನ್ ಮತ್ತು ಸಂಗಡಿಗರು ಕೊಡಗಿನ ತೋಟಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪದ್ಧತಿಯನ್ನೂ ಗಮನಿಸಿತ್ತು. ರೊಬಸ್ಟಾ ಹೂವಿಗೆ ಬರುವ ಜೇನುಗಳಲ್ಲಿ ಹೆಜ್ಜೇನಿನದೇ ಮುಖ್ಯ ಪಾತ್ರ ಎಂಬುದರ ಜೊತೆಗೆ ಇನ್ನೊಂದು ಅಂಶವನ್ನೂ ಅವರು ಗುರುತಿಸಿದರು. ಒಳ್ಳೆಯ ಹೂಮಳೆ ಎಲ್ಲೆಡೆ ಒಂದೇ ದಿನ ಬಿದ್ದರೆ ಸೀಮೆಗೆ ಸೀಮೆಯೇ ಒಟ್ಟಿಗೆ ಅರಳುತ್ತದೆ, ಇರುವಷ್ಟು ಜೇನು ಅಷ್ಟು ಹೂವಿಗೆ ಹಂಚಿಹೋಗುತ್ತದೆ. ನೀರು ಕೊಟ್ಟ ತೋಟ ಸುತ್ತಲಿನವುಗಳಿಗಿಂತ ಮುಂಚೆ ತಾನೊಂದೇ ಅರಳಿದರೆ, ಮೈಲಿಗಟ್ಟಲೆ ಹಾರಬಲ್ಲ ಹೆಜ್ಜೇನು ಹುಡುಕಿಕೊಂಡು ಬಂದು ಅಲ್ಲೇ ಮುತ್ತುತ್ತದೆ. ಎಲ್ಲರೂ ಹಾರೈಸುವ ಏಕಪ್ರಕಾರದ ಮಳೆಗಿಂತ, ಒಬ್ಬರ ತೋಟದಲ್ಲಿ ಇಂದು, ಪಕ್ಕದವರಲ್ಲಿ ಮುಂದಿನ ವಾರ ಅರಳುವ ಏರುಪೇರೇ ಈ ಅಲೆಮಾರಿಗೆ ಅನುಕೂಲ.